ಚೆಂಡಿಗಿಲ್ಲದ ಮೈಲಿಗೆ: ಪಾಲವಣಕರ ಬಾಳೂ ಅವರ ಜೀವನ

ಧಾರವಾಡವೆಂದರೆ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಕರ್ನಾಟಕ ವಿದ್ಯಾವರ್ಧಕ ಸಂಘ ನೆನಪಾಗುತ್ತದೆ, ಸಾಧನಕೇರಿ ನೆನಪಾಗುತ್ತದೆ, ಬೇಂದ್ರೆಯವರು ನೆನಪಾಗುತ್ತಾರೆ. ಅದೇ ಊರಿನಲ್ಲಿ, ಸಂಘ ಸ್ಥಾಪನೆಯಾಗುವುದಕ್ಕೆ ಹದಿನಾಲ್ಕು ಹದಿನೈದು ವರ್ಷ ಮೊದಲು ಹುಟ್ಟಿದ ಒಬ್ಬ ಮನುಷ್ಯನ ಹೆಸರು ನಮ್ಮ ಸಾಂಸ್ಕೃತಿಕ ಚರಿತ್ರೆಯ ಪಾಠಗಳಲ್ಲಿ ಬರುವುದಿಲ್ಲ. ಆತ ಕವಿಯಲ್ಲ, ಪಂಡಿತನಲ್ಲ. ಕ್ರಿಕೆಟ್ ಆಡುತ್ತಿದ್ದ, ಅದರಿಂದಲೇ ಹೊಟ್ಟೆ ಹೊರೆಯುತ್ತಿದ್ದ. ಹಿಂದೂಸ್ತಾನದ ಮೊದಲ ಮಹಾನ್ ಬೌಲರ್ ಎಂದು ಕ್ರಿಕೆಟ್ಟಿನ ಚರಿತ್ರಕಾರರು ಇಂದು ಒಪ್ಪುವ ಪಾಲವಣಕರ ಬಾಳೂ ಅವರೇ ಆ ಮನುಷ್ಯ.

ಕಂದಲಗಾಂವದ ಕಡೆಯ ಹಳ್ಳಿಗಳಿಂದಲೂ ಅಕ್ಕಲಕೋಟೆಯ ಸುತ್ತಿನಿಂದಲೂ ನಮ್ಮ ತರಗತಿಗೆ ಬರುವ ವಿದ್ಯಾರ್ಥಿಗಳಿಗೆ ಬಾಳೂ ಅವರ ಬಾಳಿನ ಒಂದು ಸಂಗತಿ ಪರಕೀಯವೆನಿಸದು. ಹುಟ್ಟಿದ್ದು ಕನ್ನಡದ ನೆಲ. ಮನೆಯ ಮಾತು, ಮುಂದಿನ ದುಡಿಮೆ, ಕೀರ್ತಿ, ಅವಮಾನ ಎಲ್ಲವೂ ಮರಾಠಿಯವು. ಅಂದು ಧಾರವಾಡ, ಸೊಲ್ಲಾಪುರ, ಪುಣೆ ಮೂರೂ ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಆಚೆ ಈಚೆ ಎಂಬ ಗೆರೆ ಇನ್ನೂ ಬಿದ್ದಿರಲಿಲ್ಲ. ಬಿದ್ದಿದ್ದ ಗೆರೆಗಳು ಬೇರೆಯವು.

ಕುಟುಂಬದ ಮೂಲ ಕೊಂಕಣದ ಪಾಲವಣ ಎಂಬ ಹಳ್ಳಿ. ಅಡ್ಡಹೆಸರು ಬಂದದ್ದು ಅಲ್ಲಿಂದ. ಜಾತಿಯಿಂದ ಚಾಂಭಾರರು, ಎಂದರೆ ನಮ್ಮ ಕಡೆ ಸಮಗಾರರೆಂದು ಕರೆಯುವ ತೊಗಲಿನ ಕಸುಬಿನವರು. 1870ರ ದಶಕದ ನಡುವಿನಲ್ಲಿ ಬಾಳೂ ಧಾರವಾಡದಲ್ಲಿ ಹುಟ್ಟಿದರು. ಬಾಲ್ಯ ಕಳೆದದ್ದು ಪುಣೆಯಲ್ಲಿ. ತಂದೆ ಅಲ್ಲಿ ಸೈನ್ಯದ ಆಶ್ರಯದಲ್ಲಿ ನೌಕರಿಗಿದ್ದರು. ದಂಡಿನ ಪ್ರದೇಶದ ಗೋರಾ ಅಧಿಕಾರಿಗಳು ಆಡಿ ಬಿಸಾಡಿದ ಬ್ಯಾಟು ಚೆಂಡುಗಳಿಂದ ಬಾಳೂ ಮತ್ತು ತಮ್ಮ ಶಿವರಾಮ ಆಟ ಕಲಿತರು. ಮುಂದೆ ಗಣಪತ, ವಿಠ್ಠಲ ಎಂಬ ಇನ್ನಿಬ್ಬರು ತಮ್ಮಂದಿರೂ ಇದೇ ಹಾದಿ ಹಿಡಿದರು. ಒಂದೇ ಮನೆಯ ನಾಲ್ವರು ಒಂದೇ ಉನ್ನತ ತಂಡದಲ್ಲಿ ಆಡಿದ ನಿದರ್ಶನಗಳು ಯಾವ ದೇಶದಲ್ಲೂ ಹೆಚ್ಚಿಲ್ಲ.

ಬಾಳೂ ಅವರ ಮೊದಲ ನೌಕರಿ ಪುಣೆಯ ಪಾರ್ಸಿಗಳು ನಡೆಸುತ್ತಿದ್ದ ಒಂದು ಕ್ರಿಕೆಟ್ ಕ್ಲಬ್ಬಿನಲ್ಲಿ. ಪಿಚ್ಚು ಗುಡಿಸುವುದು, ಉರುಳುಗಲ್ಲು ಎಳೆಯುವುದು, ಸದಸ್ಯರಿಗೆ ಒಮ್ಮೊಮ್ಮೆ ಬೌಲ್ ಮಾಡುವುದು. ಸಂಬಳ ತಿಂಗಳಿಗೆ ಮೂರು ರೂಪಾಯಿ. 1892ರ ಸುಮಾರಿಗೆ ಯೂರೋಪಿಯನ್ನರ ಪೂನಾ ಕ್ಲಬ್ಬಿಗೆ ಹೋದರು. ಅಲ್ಲಿ ನಾಲ್ಕು ರೂಪಾಯಿ. ನೆಲ ಹದ ಮಾಡಿ ಸುಣ್ಣದ ಗೆರೆ ಎಳೆದು ಬಲೆ ಕಟ್ಟಿದ ಮೇಲೆ, ಅಭ್ಯಾಸಕ್ಕೆ ಬರುವ ಸಾಹೇಬರಿಗೆ ಗಂಟೆಗಟ್ಟಲೆ ಬೌಲ್ ಮಾಡುವುದು ಅಲ್ಲಿಯ ಕೆಲಸ.

ಆ ಸಾಹೇಬರಲ್ಲಿ ಜೆ. ಜಿ. ಗ್ರೇಗ್ ಎಂಬ ಸೈನ್ಯಾಧಿಕಾರಿ ಮುಖ್ಯರು. ಅಂದಿನ ಹಿಂದೂಸ್ತಾನದಲ್ಲಿದ್ದ ಗೋರಾ ಬ್ಯಾಟುಗಾರರಲ್ಲಿ ಅವರದು ಮೇಲಿನ ಹೆಸರು. ಕುಳ್ಳ ಮನುಷ್ಯ, ಚುರುಕು ಕಾಲು. ಉಳಿದವರಿಗಿಂತ ಒಂದು ಗಂಟೆ ಮೊದಲೇ ಮೈದಾನಕ್ಕೆ ಬಂದು ಬಾಳೂ ಅವರ ಬೌಲಿಂಗಿನ ಎದುರು ಅಭ್ಯಾಸ ಮಾಡುತ್ತಿದ್ದರು. ತಮ್ಮನ್ನು ಔಟ್ ಮಾಡಿದಾಗಲೆಲ್ಲ ಎಂಟಾಣೆ ಕೊಡುತ್ತಿದ್ದರೆಂಬ ಮಾತು ಪುಣೆಯಲ್ಲಿ ಬಹುಕಾಲ ಉಳಿದಿತ್ತು. ಅದು ನಿಜವಾಗಿದ್ದರೆ, ಗ್ರೇಗ್ ಸಾಹೇಬರನ್ನು ಎಂಟು ಸಲ ಔಟ್ ಮಾಡಿದರೆ ತಿಂಗಳ ಸಂಬಳವೇ ಕೈಗೆ ಬಂದಂತೆ. ಕೆಲವು ವರ್ಷಗಳ ಈ ದುಡಿಮೆ ಗ್ರೇಗರ ಬ್ಯಾಟನ್ನು ಎಷ್ಟು ಹರಿತಗೊಳಿಸಿತೋ ಬಾಳೂ ಅವರ ಬೆರಳುಗಳನ್ನೂ ಅಷ್ಟೇ ಹರಿತಗೊಳಿಸಿತು. ಆದರೆ ಇಷ್ಟು ವರ್ಷಗಳಲ್ಲಿ ಆ ಬಲೆಯೊಳಗೆ ಬ್ಯಾಟು ಹಿಡಿದು ನಿಲ್ಲುವ ಅವಕಾಶ ಅವರಿಗೆ ಒಮ್ಮೆಯೂ ಸಿಗಲಿಲ್ಲ. ಬ್ಯಾಟು ಬೀಸುವುದು ದೊಡ್ಡವರ ವಿನೋದ, ಬೌಲ್ ಮಾಡುವುದು ಆಳಿನ ಕೆಲಸ ಎಂಬ ಭಾವನೆ ಅಂದಿನ ಕ್ಲಬ್ಬುಗಳಲ್ಲಿ ಗಟ್ಟಿಯಾಗಿತ್ತು. ನಮ್ಮ ಕಡೆ ಜೋಳದ ಕೊಯ್ಲು ಮುಗಿದ ಹೊಲಗಳಲ್ಲಿ ಆಡುವ ಹುಡುಗರಲ್ಲಿಯೂ ಬ್ಯಾಟು ಯಾರದೋ ಮೊದಲ ಸರದಿಯೂ ಅವನದೇ. ಅದೊಂದು ಹುಡುಗಾಟ. ಪೂನಾ ಕ್ಲಬ್ಬಿನಲ್ಲಿ ಅದೇ ಕಾನೂನು.

ಅವರ ಕೌಶಲದ ಬಗೆಗೆ ಎರಡು ಮಾತು ಹೇಳಬೇಕು, ಇಲ್ಲವಾದರೆ ಮುಂದಿನದು ತಿಳಿಯದು. ಬಾಳೂ ಎಡಗೈ ನಿಧಾನಗತಿಯ ಸ್ಪಿನ್ ಬೌಲರ್. ಇಂಥವರಿಗೆ ವೇಗದ ಬಲವಿಲ್ಲ. ಬೆರಳು, ಮಣಿಕಟ್ಟು ಮತ್ತು ಬುದ್ಧಿಯ ಬಲವಷ್ಟೇ. ಚೆಂಡನ್ನು ಗಾಳಿಯಲ್ಲಿ ತುಸು ಮೇಲಕ್ಕೆ ತೇಲಿಸಿ ಬ್ಯಾಟುಗಾರನನ್ನು ಮುಂದಕ್ಕೆ ಸೆಳೆಯಬೇಕು. ನೆಲಕ್ಕೆ ಬಿದ್ದ ಮೇಲೆ ಅದು ಅವನ ಅಂದಾಜಿಗೆ ವಿರುದ್ಧವಾಗಿ ಹೊರಳಬೇಕು. ಒಂದೇ ತೆರನ ಕೈಬೀಸಿನಲ್ಲಿ ಎರಡೂ ಬದಿಗೆ ಹೊರಳುವ ಚೆಂಡುಗಳನ್ನು, ಹೊರಳದೆ ನೆಟ್ಟಗೆ ನುಗ್ಗುವ ಚೆಂಡನ್ನು ಬಾಳೂ ಬೆರೆಸಬಲ್ಲವರಾಗಿದ್ದರು. ಎಲ್ಲಕ್ಕಿಂತ ಮಿಗಿಲಾದದ್ದು ಅವರ ನಿಖರತೆ. ದಿನವಿಡೀ ಒಂದೇ ಜಾಗಕ್ಕೆ ಚೆಂಡು ಬೀಳಿಸುವ ಆ ಶಿಸ್ತು ನಾಲ್ಕು ರೂಪಾಯಿಯ ಕೂಲಿಯಲ್ಲಿ ಬಂದದ್ದು.

ಗೋರಾಗಳ ತಂಡಕ್ಕೆ ಸವಾಲು ಹಾಕುವ ಆಸೆ ಪುಣೆಯ ಹಿಂದೂಗಳಿಗೆ ಆಗ ಹುಟ್ಟಿಕೊಂಡಿತ್ತು. ಅವರ ಕ್ಲಬ್ಬಿನಲ್ಲಿ ಬ್ರಾಹ್ಮಣರದೇ ಪ್ರಾಬಲ್ಯ. ಊರಿನ ಅತ್ಯುತ್ತಮ ಬೌಲರ್ ಯಾರೆಂಬುದು ಅವರಿಗೂ ಗೊತ್ತು, ಅವನ ಜಾತಿ ಯಾವುದೆಂಬುದೂ ಗೊತ್ತು. ತಂಡದ ತೆಲುಗು ಸದಸ್ಯರು ಬಾಳೂ ಅವರನ್ನು ಕರೆಯೋಣವೆಂದರು. ಮರಾಠಿ ಬ್ರಾಹ್ಮಣರಲ್ಲಿ ಕೆಲವರು ಹಿಂಜರಿದರು. ಕೊನೆಗೆ ಗೆಲ್ಲುವ ಆಸೆ ಗೆದ್ದಿತು. ಬಾಳೂ ತಂಡಕ್ಕೆ ಬಂದರು.

ಬಂದ ಬಗೆಯನ್ನು ನೋಡಿ. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಅವರ ಬೌಲಿಂಗಿಗೆ ಕ್ಯಾಚ್ ಹಿಡಿದವರು ಸ್ನಾನ ಮಾಡಲು ಓಡಲಿಲ್ಲ. ಆದರೆ ಚಹಾದ ವೇಳೆಗೆ ಉಳಿದವರು ಪೆವಿಲಿಯನ್ನಿನ ಒಳಗೆ ಪಿಂಗಾಣಿಯ ಬಟ್ಟಲುಗಳಲ್ಲಿ ಕುಡಿಯುವಾಗ, ಬಾಳೂ ಅವರಿಗೆ ಹೊರಗೆ, ಕುಡಿದು ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. ಮುಖ ತೊಳೆಯಬೇಕೆಂದರೆ ಅವರಂತೆಯೇ ಅಸ್ಪೃಶ್ಯನಾದ ಒಬ್ಬ ಆಳು ಮೈದಾನದ ಮೂಲೆಗೆ ನೀರು ಒಯ್ದು ಸುರಿಯಬೇಕಿತ್ತು. ಊಟದ ತಾಟು ಬೇರೆ, ಮೇಜು ಬೇರೆ.

ಇಲ್ಲಿ ನನ್ನದೊಂದು ಮಾತು. ಕ್ರಿಕೆಟ್ಟಿನ ಚೆಂಡು ತೊಗಲಿನದು. ದನದ ತೊಗಲನ್ನು ಹದಗೊಳಿಸಿ ಹೊಲಿದ ವಸ್ತು. ತೊಗಲಿನ ಕಸುಬಿನವನ ನೆರಳೂ ಬೇಡವೆಂದ ಕೈಗಳು ಆ ತೊಗಲಿನ ಚೆಂಡನ್ನು ತಮ್ಮ ಬಟ್ಟೆಗೇ ಉಜ್ಜಿ ಹೊಳಪು ಕೊಡುತ್ತಿದ್ದವು. ಸೊನ್ನಲಿಗೆಯ ನೆಲದಲ್ಲಿ ನಿಂತು ಶರಣರನ್ನು ಓದುವ ನಾವು ಸಮಗಾರ ಹರಳಯ್ಯನವರ ಕಥೆಯನ್ನು ಬಲ್ಲೆವು; ಆ ಮನೆಯ ಮಗನಿಗೆ ಬ್ರಾಹ್ಮಣನ ಮಗಳನ್ನು ಕೊಟ್ಟದ್ದಕ್ಕೆ ಕಲ್ಯಾಣದಲ್ಲಿ ಏನಾಯಿತೆಂಬುದನ್ನೂ ಬಲ್ಲೆವು. ಏಳುನೂರು ವರ್ಷಗಳ ಅನಂತರ ಪುಣೆಯ ಪೆವಿಲಿಯನ್ನಿನಲ್ಲಿ ಪ್ರಶ್ನೆ ಮದುವೆಯದಾಗಿರಲಿಲ್ಲ, ಒಂದು ಬಟ್ಟಲು ಚಹಾದ್ದಾಗಿತ್ತು. ಅಷ್ಟಕ್ಕೂ ಉತ್ತರ ಸಿಕ್ಕಿರಲಿಲ್ಲ.

ಬಾಳೂ ಬಂದ ಮೇಲೆ ಪುಣೆಯ ಹಿಂದೂ ತಂಡ ಗೋರಾಗಳನ್ನು ಸೋಲಿಸತೊಡಗಿತು. ಸಾತಾರೆಯ ಪಂದ್ಯದ ಕಥೆ ಆ ಕಾಲದ ನೆನಪುಗಳಲ್ಲಿ ರಸವತ್ತಾದದ್ದು. ಅಲ್ಲಿಯ ಯೂರೋಪಿಯನ್ ಜಿಮಖಾನಾದವರು ಬಾಳೂ ಅವರ ಚೆಂಡು ಹೊರಳಬಾರದೆಂದು ಪಿಚ್ಚಿನ ಮೇಲೆ ದಿನಗಟ್ಟಲೆ ಉರುಳುಗಲ್ಲು ಎಳೆಸಿ ನೆಲವನ್ನು ಕಲ್ಲಿನಂತೆ ಗಟ್ಟಿ ಮಾಡಿಸಿದ್ದರು. ಅದರ ಮೇಲೆಯೇ ಬಾಳೂ ಏಳು ವಿಕೆಟ್ ಉರುಳಿಸಿದರು. ಉರುಳುಗಲ್ಲಿನ ವಿದ್ಯೆಯನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಆ ಮೈದಾನದಲ್ಲಿ ಯಾರಿದ್ದರು? ಗೆದ್ದ ಮೇಲೆ ಆನೆಯ ಮೇಲೆ ಕೂರಿಸಿ ಮೆರವಣಿಗೆ ಮಾಡಿದರಂತೆ. ಪುಣೆಯಲ್ಲಿ ನಡೆದ ಸನ್ಮಾನದಲ್ಲಿ ಮಹಾದೇವ ಗೋವಿಂದ ರಾನಡೆಯವರು ಅವರಿಗೆ ಮಾಲೆ ಹಾಕಿದರು. ಜೊತೆಗೂಡಿ ಆಡುವವರು ಜೊತೆಗೂಡಿ ಉಣ್ಣಲೂ ಬೇಕೆಂದು ರಾನಡೆಯವರು ಆಟಗಾರರಿಗೆ ತಿಳಿಹೇಳಿದರೆಂದು ಹೇಳುತ್ತಾರೆ. ಆನೆಯ ಮೇಲಿನ ಮೆರವಣಿಗೆ ಸುಲಭ. ರಾನಡೆ ಹೇಳಿದ್ದು ಕಷ್ಟದ್ದು.

1896ರಲ್ಲಿ ಮುಂಬಯಿ ಪ್ರಾಂತಕ್ಕೆ ಪ್ಲೇಗು ಕಾಲಿಟ್ಟಿತು. ಪುಣೆಯಿಂದ ಜನ ಚದುರಿದರು. ಬಾಳೂ ಮುಂಬಯಿಗೆ ಹೋದರು; ಕೆಲಕಾಲ ಸೈನ್ಯದ ತುಕಡಿಯೊಂದರಲ್ಲಿದ್ದು, ಆಮೇಲೆ ಮುಂಬಯಿ, ಬರೋಡಾ ಮತ್ತು ಮಧ್ಯ ಭಾರತ ರೈಲ್ವೆಯಲ್ಲಿ ನೌಕರಿ ಹಿಡಿದರು. ಆ ರೈಲ್ವೆಯ ತಂಡಕ್ಕೂ ಆಡಿದರು. ಮುಂಬಯಿಯ ಹಿಂದೂ ಜಿಮಖಾನಾ ಆಗಷ್ಟೇ ತಲೆಯೆತ್ತಿತ್ತು. ಅಲ್ಲಿಯೂ ಕೆಲವು ಸದಸ್ಯರು ಬಾಳೂ ಅವರ ಪ್ರವೇಶಕ್ಕೆ ಅಡ್ಡಿ ಹೇಳಿದರು. ತಂಡದ ನಾಯಕ ಕೀರ್ತಿಕರರು ಪಟ್ಟುಹಿಡಿದು ಅವರನ್ನು ಒಳಗೆ ತಂದರು. ಮುಂಬಯಿ ಪುಣೆಯಲ್ಲ. ಗಿರಣಿ, ರೈಲು, ಬಂದರಿನ ಊರು. ಅಲ್ಲಿ ಪಂಕ್ತಿಯ ನಿಯಮ ನಿಧಾನವಾಗಿ ಸಡಿಲವಾಗುತ್ತಿತ್ತು. ಪುಣೆಯಲ್ಲಿ ಹೊರಗೆ ಕುಡಿಕೆಯಲ್ಲಿ ಚಹಾ ಕುಡಿದವರು ಮುಂಬಯಿಯಲ್ಲಿ ತಂಡದವರೊಡನೆ ಒಂದೇ ಮೇಜಿಗೆ ಊಟಕ್ಕೆ ಕುಳಿತರು.

1906ರ ಫೆಬ್ರವರಿಯಲ್ಲಿ ಬಾಂಬೆ ಜಿಮಖಾನಾದ ಮೈದಾನದಲ್ಲಿ ಹಿಂದೂ ತಂಡಕ್ಕೂ ಯೂರೋಪಿಯನ್ ತಂಡಕ್ಕೂ ಪಂದ್ಯ ನಡೆಯಿತು. ಹಿಂದಿನ ವರ್ಷ ಬಂಗಾಳವನ್ನು ಒಡೆದಿದ್ದರು, ಸ್ವದೇಶಿಯ ಕಾವು ದೇಶವನ್ನೆಲ್ಲ ಹಬ್ಬಿತ್ತು, ಏಶಿಯಾದ ಜಪಾನು ಯೂರೋಪಿನ ರಷಿಯಾವನ್ನು ಸೋಲಿಸಿದ ಸುದ್ದಿ ಇನ್ನೂ ಬಿಸಿಯಾಗಿತ್ತು. ಹಿಂದೂಗಳು ಮೊದಲ ಇನ್ನಿಂಗ್ಸಿನಲ್ಲಿ 242, ಎರಡನೆಯದರಲ್ಲಿ 160 ರನ್ನು ಮಾಡಿದರು. ಯೂರೋಪಿಯನ್ನರು 191ಕ್ಕೆ, ಆಮೇಲೆ ಬರಿಯ 102ಕ್ಕೆ ಮುಗಿದರು. 109 ರನ್ನುಗಳ ಗೆಲುವು. ಎರಡೂ ಇನ್ನಿಂಗ್ಸು ಸೇರಿ ಬಾಳೂ ಎಂಟು ವಿಕೆಟ್ ಪಡೆದರು. ಶಿವರಾಮರೂ ಅದೇ ತಂಡದಲ್ಲಿದ್ದರು. ಸುಧಾರಕರ ಪತ್ರಿಕೆಗಳು ಈ ಗೆಲುವಿನಲ್ಲಿ ಎರಡು ಅರ್ಥ ಓದಿದವು. ಆಳುವವರನ್ನು ಆಳಿಸಿಕೊಳ್ಳುವವರು ಸೋಲಿಸಿದ್ದು ಒಂದು. ಜಾತಿಯನ್ನು ಬದಿಗಿಟ್ಟ ತಂಡ ಗೆದ್ದದ್ದು ಇನ್ನೊಂದು. ಮೊದಲನೆಯದನ್ನು ದೇಶ ಬೇಗ ನೆನಪಿಟ್ಟುಕೊಂಡಿತು. ಎರಡನೆಯದನ್ನು ಬೇಗ ಮರೆಯಿತು.

1911ರಲ್ಲಿ ಮೊದಲ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೊರಟಿತು. ನಾಯಕ ಪಟಿಯಾಲಾದ ಮಹಾರಾಜ ಭೂಪೇಂದ್ರ ಸಿಂಗ್. ಪಾರ್ಸಿಗಳು, ಹಿಂದೂಗಳು, ಮುಸಲ್ಮಾನರು, ಸಿಖ್ಖರು ಎಲ್ಲರೂ ಇದ್ದ ತಂಡ. ಅದರಲ್ಲಿ ಬಾಳೂ, ಶಿವರಾಮ ಇಬ್ಬರೂ. ಇಂಗ್ಲೆಂಡಿನಲ್ಲಿ ಅದು ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ಬೇಸಿಗೆ. ಮಹಾರಾಜರಿಗೆ ಔತಣಕೂಟಗಳು ಬಹಳ, ಆಡಿದ ಪಂದ್ಯಗಳು ಕೆಲವೇ. ತಂಡ ಸಾಲುಸಾಲಾಗಿ ಸೋತಿತು. ಪ್ರವಾಸದ 23 ಪಂದ್ಯಗಳಲ್ಲಿ ಗೆದ್ದದ್ದು ಆರು, ಸೋತದ್ದು ಹದಿನೈದು. ಈ ಸೋಲುಗಳ ನಡುವೆ ಒಬ್ಬರು ಮಾತ್ರ ಪ್ರತಿ ಊರಿನಲ್ಲೂ ತಮ್ಮ ಕೆಲಸ ಮಾಡುತ್ತಲೇ ಹೋದರು.

ಮೂವತ್ತೈದರ ಆಸುಪಾಸಿನ ವಯಸ್ಸು, ನೋಯುವ ತೋಳು, ಅದುವರೆಗೆ ಕಾಣದ ಹಸಿ ಹುಲ್ಲಿನ ನೆಲ, ಚಳಿ. ಅವರು ಎಲ್ಲ ಪಂದ್ಯಗಳಲ್ಲಿ ಸೇರಿ 114 ವಿಕೆಟ್ ಪಡೆದರು. ಪ್ರತಿ ವಿಕೆಟ್ಟಿಗೆ ಕೊಟ್ಟ ರನ್ನು ಸರಾಸರಿ 18.84. ಪ್ರಥಮ ದರ್ಜೆಯ ಪಂದ್ಯಗಳನ್ನಷ್ಟೇ ಎಣಿಸಿದರೆ 75 ವಿಕೆಟ್. ಕೇಂಬ್ರಿಜ್ ವಿಶ್ವವಿದ್ಯಾಲಯದ ವಿರುದ್ಧ ಒಂದೇ ಇನ್ನಿಂಗ್ಸಿನಲ್ಲಿ 103 ರನ್ನಿಗೆ ಎಂಟು. ಲೆಸ್ಟರ್‌ಶೈರ್ ತಂಡವನ್ನು ಸೋಲಿಸಿದ ಪಂದ್ಯದಲ್ಲಿ ಹನ್ನೊಂದು. ಸಾಮರ್‌ಸೆಟ್ ವಿರುದ್ಧದ ಗೆಲುವಿನಲ್ಲಿ ಶಿವರಾಮರು ಶತಕ ಹೊಡೆದರು. ಇಂಗ್ಲೆಂಡಿನ ಕೌಂಟಿಗಳು ಬಾಳೂ ಅವರನ್ನು ಅಲ್ಲಿಯೇ ನಿಂತು ವೃತ್ತಿಯ ಆಟಗಾರನಾಗೆಂದು ಕರೆದವು. ಅವರು ಹಿಂದಿರುಗಿದರು.

ಹಿಂದಿರುಗಿದಾಗ ಮುಂಬಯಿಯ ದಲಿತ ಸಮುದಾಯ ಅವರಿಗೆ ಸನ್ಮಾನ ಏರ್ಪಡಿಸಿತು. ಆ ಸಭೆಯ ಸ್ವಾಗತದ ಮಾನಪತ್ರವನ್ನು ಸಿದ್ಧಪಡಿಸಿದವರು ಎಲ್ಫಿನ್‌ಸ್ಟನ್ ಕಾಲೇಜಿನ ಒಬ್ಬ ವಿದ್ಯಾರ್ಥಿ, ಭೀಮರಾವ ಅಂಬೇಡಕರ. ವಯಸ್ಸು ಇಪ್ಪತ್ತು. ತಮ್ಮವನೊಬ್ಬ ಕಡಲಾಚೆ ಹೋಗಿ ಗೋರಾಗಳ ನೆಲದಲ್ಲೇ ಗೋರಾಗಳನ್ನು ಮಣಿಸಿ ಬಂದದ್ದು ಆ ಕಾಲದ ದಲಿತ ತರುಣರಿಗೆ ಏನಾಗಿ ಕಂಡಿರಬಹುದೆಂಬುದನ್ನು ಇಂದಿನ ಓದುಗರು ಸ್ವಲ್ಪ ಪ್ರಯತ್ನಪೂರ್ವಕವಾಗಿಯೇ ಊಹಿಸಿಕೊಳ್ಳಬೇಕು. ಅಂಬೇಡಕರರು ಅಮೆರಿಕೆಗೆ ಹೊರಟದ್ದು ಇದಾದ ಎರಡು ವರ್ಷಕ್ಕೆ.

ಇನ್ನು ನಾಯಕತ್ವದ ವಿಷಯ. ಇಂಗ್ಲೆಂಡಿನಿಂದ ಬಂದ ಮೇಲೆ ಹಿಂದೂ ತಂಡದಲ್ಲಿ ಬಾಳೂ ಅವರಿಗಿಂತ ಹಿರಿಯ, ಅವರಿಗಿಂತ ದೊಡ್ಡ ಆಟಗಾರ ಯಾರೂ ಇರಲಿಲ್ಲ. ಪ್ರತಿ ವರ್ಷ ಮುಂಬಯಿಯಲ್ಲಿ ನಡೆಯುತ್ತಿದ್ದ ಪಂದ್ಯಾವಳಿ 1912ರಿಂದ ಮುಸಲ್ಮಾನರ ತಂಡವೂ ಸೇರಿ ಚತುಷ್ಕೋನವಾಗಿತ್ತು. 1913ರಲ್ಲಿ ನಾಲ್ವರು ಪಾಲವಣಕರ ಸಹೋದರರೂ ಹಿಂದೂ ತಂಡದಲ್ಲಿದ್ದರು. ನಾಯಕತ್ವ ಹೋದದ್ದು ಎಂ. ಡಿ. ಪೈ ಅವರಿಗೆ. ಪೈ ಸಜ್ಜನರು. ತಮ್ಮ ಸಮಾಜದವರು ತಮ್ಮನ್ನು ಸನ್ಮಾನಿಸಿದಾಗ, ಈ ಗೌರವ ನ್ಯಾಯವಾಗಿ ಹಿರಿಯರಾದ ಬಾಳೂ ಅವರಿಗೆ ಸಲ್ಲಬೇಕಿತ್ತೆಂದು ತುಂಬಿದ ಸಭೆಯಲ್ಲೇ ಹೇಳಿದರು. ಆಯ್ಕೆ ಮಾಡುವವರ ಕಿವಿಗೆ ಅದು ಬೀಳಲಿಲ್ಲ. ವರ್ಷದ ಮೇಲೆ ವರ್ಷ ಬಾಳೂ ಬೇರೆಯವರ ಕೈಕೆಳಗೆ ಆಡಿದರು. ಬೌಲ್ ಮಾಡಲು ಕೈ ಬೇಕು, ಆಜ್ಞೆ ಮಾಡಲು ಜಾತಿ ಬೇಕು ಎಂಬಂತಿತ್ತು ಆ ವ್ಯವಸ್ಥೆ. ಪೂನಾ ಕ್ಲಬ್ಬಿನ ಬಲೆಯಲ್ಲಿದ್ದ ನಿಯಮವೇ ಹೊಸ ಉಡುಪಿನಲ್ಲಿ ಬಂದಿತ್ತು, ಈ ಸಲ ತಮ್ಮವರೆನಿಸಿಕೊಂಡವರಿಂದ.

1920ರಲ್ಲಿ ಅದು ಸ್ಫೋಟಿಸಿತು. ಪೈ ಅಸ್ವಸ್ಥರಾದ್ದರಿಂದ ನಾಯಕತ್ವ ತೆರವಾಯಿತು. ಆಯ್ಕೆಗಾರರು ಬಾಳೂ ಅವರನ್ನು ತಂಡದಿಂದಲೇ ಬಿಟ್ಟು, ಪುಣೆಯ ಡಿ. ಬಿ. ದೇವಧರರನ್ನು ನಾಯಕರನ್ನಾಗಿ ಮಾಡಿದರು. ಕೂಡಲೇ ಶಿವರಾಮ, ವಿಠ್ಠಲ ಇಬ್ಬರೂ ತಂಡದಿಂದ ಹೊರಬಂದು, ಇದು ಜಾತಿಯ ಕಾರಣಕ್ಕಾದ ಅನ್ಯಾಯವೆಂದು ಬಹಿರಂಗವಾಗಿ ಸಾರಿದರು. ಗಮನಿಸಬೇಕಾದದ್ದು, ಅಣ್ಣ ಮಾತಾಡಲಿಲ್ಲ. ತಮ್ಮಂದಿರು ಮಾತಾಡಿದರು. ಅಣ್ಣನ ತಲೆಮಾರು ಕುಡಿಕೆಯಲ್ಲಿ ಚಹಾ ಕುಡಿದು ಸುಮ್ಮನಿದ್ದದ್ದು. ತಮ್ಮಂದಿರದು ಕೇಳುವ ತಲೆಮಾರು. ಗಾಂಧೀಜಿಯವರು ಅಸ್ಪೃಶ್ಯತೆಯ ಮಾತನ್ನು ದೇಶದ ಮುಂದೆ ಎತ್ತಿದ್ದ ಕಾಲವೂ ಅದು. ಊರಿನಲ್ಲಿ ಚರ್ಚೆ ಎದ್ದಿತು. ಅಂತಿಮ ಪಂದ್ಯಕ್ಕೆ ಪೈ ನಾಯಕರಾಗಿ ಮರಳಿದರು, ಬಾಳೂ ಅವರನ್ನು ಉಪನಾಯಕರೆಂದು ಹೆಸರಿಸಲಾಯಿತು, ತಮ್ಮಂದಿರು ತಂಡಕ್ಕೆ ಬಂದರು. ಆ ಪಂದ್ಯದ ನಡುವೆ ಪೈ ಬೇಕೆಂದೇ ಮೈದಾನದಿಂದ ಹೊರಗೆ ಹೋಗಿ ನಿಂತರು. ಅಷ್ಟು ಹೊತ್ತು ತಂಡವನ್ನು ಬಾಳೂ ನಡೆಸಿದರು. ಇಡೀ ಆಯುಷ್ಯದಲ್ಲಿ ಅವರಿಗೆ ಆ ಮಟ್ಟದಲ್ಲಿ ದಕ್ಕಿದ ನಾಯಕತ್ವ ಅಷ್ಟೇ, ಅದೂ ಒಬ್ಬ ಗೆಳೆಯನ ಸೌಜನ್ಯದಿಂದ.

ಅದರೊಂದಿಗೆ ಅವರ ಆಟ ಮುಗಿಯಿತು. ಪ್ರಥಮ ದರ್ಜೆಯ 33 ಪಂದ್ಯ, 179 ವಿಕೆಟ್, ಸರಾಸರಿ 15.21. ಮೂರು ವರ್ಷಗಳ ಅನಂತರ, 1923ರಲ್ಲಿ, ಕಿರಿಯ ತಮ್ಮ ವಿಠ್ಠಲರನ್ನು ಹಿಂದೂ ತಂಡದ ನಾಯಕರನ್ನಾಗಿ ಮಾಡಲೇಬೇಕಾಯಿತು. ಆ ವರ್ಷ ತಂಡ ಗೆದ್ದಿತು. ಜನ ವಿಠ್ಠಲರನ್ನು ಹೆಗಲ ಮೇಲೆ ಹೊತ್ತು ಮೈದಾನದಿಂದ ತಂದರು. ಹೊತ್ತ ಹೆಗಲುಗಳಲ್ಲಿ ಸವರ್ಣರವೂ ಇದ್ದವು.

ಬಾಳೂ ಅವರ ಜೀವನದ ಉತ್ತರಾರ್ಧವನ್ನು ಹೇಳುವಾಗ ಅನೇಕರು ಅವಸರ ಮಾಡುತ್ತಾರೆ, ಇಲ್ಲವೇ ಮೌನ ತಾಳುತ್ತಾರೆ. ಮೌನಕ್ಕೆ ಕಾರಣವಿದೆ. ಒಂದು ಕಾಲಕ್ಕೆ ಅವರಿಗೆ ಮಾನಪತ್ರ ಬರೆದ ವಿದ್ಯಾರ್ಥಿ ಇಷ್ಟರಲ್ಲಿ ದಲಿತರ ನಿರ್ವಿವಾದ ನಾಯಕರಾಗಿದ್ದರು. ಬಾಳೂ ಅವರ ಎದುರು ನಿಂತರು. ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರಗಳು ಬೇಕೆಂಬುದು ಅಂಬೇಡಕರರ ವಾದ. ಮದ್ರಾಸಿನ ಎಂ. ಸಿ. ರಾಜಾ ಅವರಂತೆ ಬಾಳೂ ಜಂಟಿ ಮತಕ್ಷೇತ್ರಗಳ ಪಕ್ಷ ವಹಿಸಿದರು. 1932ರ ಸಪ್ಟೆಂಬರಿನಲ್ಲಿ ಯರವಡಾ ಸೆರೆಮನೆಯಲ್ಲಿ ಗಾಂಧೀಜಿ ಉಪವಾಸ ಕುಳಿತಾಗ ನಡೆದ ಸಂಧಾನದಲ್ಲಿ ಅವರೂ ಇದ್ದರು. 24ರಂದು ಆದ ಪುಣೆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಅವರೊಬ್ಬರು. ಮುಂದಿನ ವರ್ಷ ಮುಂಬಯಿಯ ನಗರಸಭೆಗೆ ನಿಂತು ಸೋತರು. 1935ರಲ್ಲಿ ಯೇವಲೆಯಲ್ಲಿ ಅಂಬೇಡಕರರು ತಾವು ಹಿಂದೂವಾಗಿ ಸಾಯುವುದಿಲ್ಲವೆಂದು ಸಾರಿದಾಗ ಬಾಳೂ ಅದನ್ನು ಒಪ್ಪಲಿಲ್ಲ. 1937ರ ಮುಂಬಯಿ ವಿಧಾನಸಭೆಯ ಚುನಾವಣೆಯಲ್ಲಿ, ನಗರದ ಇ ಮತ್ತು ಎಫ್ ವಾರ್ಡುಗಳ ಕ್ಷೇತ್ರದಲ್ಲಿ, ಕಾಂಗ್ರೆಸ್ ಪಕ್ಷ ಅಂಬೇಡಕರರ ವಿರುದ್ಧ ಬಾಳೂ ಅವರನ್ನೇ ನಿಲ್ಲಿಸಿತು. ಅಂಬೇಡಕರರಿಗೆ 13,245 ಮತ, ಬಾಳೂ ಅವರಿಗೆ 11,225.

ಆ ಅಂತರ ದೊಡ್ಡದಲ್ಲ. ಅಂಬೇಡಕರರ ಎದುರು ಹನ್ನೊಂದು ಸಾವಿರ ಮತ ಗಳಿಸಿದ ಮನುಷ್ಯನ ಹೆಸರಿಗೆ ಆಗಲೂ, ಆಟ ಬಿಟ್ಟು ಹದಿನಾರು ವರ್ಷಗಳಾದ ಮೇಲೂ, ತೂಕವಿತ್ತು. ಕಾಂಗ್ರೆಸ್ಸು ಬಳಸಿಕೊಂಡದ್ದು ಆ ತೂಕವನ್ನೇ. ಇದರಿಂದಾಗಿಯೇ ಮುಂದೆ ಅವರನ್ನು ನೆನೆಯುವವರು ಕಡಿಮೆಯಾದರೆಂದು ನನ್ನ ಊಹೆ. ಸವರ್ಣರ ಕ್ರಿಕೆಟ್ಟಿನ ಚರಿತ್ರೆ ಅವರ ಜಾತಿಯನ್ನು ನೆನೆಯಲು ನಾಚಿತು. ದಲಿತ ಚಳವಳಿಗೆ ಅವರ ರಾಜಕೀಯ ಹಿಡಿಸಲಿಲ್ಲ. ರಾಮಚಂದ್ರ ಗುಹಾ ಅವರು ತಮ್ಮ ಕ್ರಿಕೆಟ್ ಚರಿತ್ರೆಯಲ್ಲಿ ವಿಸ್ತಾರವಾಗಿ ಬರೆಯುವ ತನಕ ಆ ಹೆಸರು ಹೆಚ್ಚುಕಡಿಮೆ ಧೂಳಿನಲ್ಲಿತ್ತು.

ವಿದ್ಯಾರ್ಥಿಗಳು ಕೆಲವೊಮ್ಮೆ ಇಂಥ ಜೀವನಗಳ ಮುಂದೆ ಯಾರು ಸರಿ ಎಂದು ಕೇಳುತ್ತಾರೆ. ಪ್ರತ್ಯೇಕ ಮತಕ್ಷೇತ್ರದ ಪ್ರಶ್ನೆಯಲ್ಲಿ ಅಂಬೇಡಕರರ ದೃಷ್ಟಿ ದೂರದ್ದೆಂದು ನಾನು ತಿಳಿದಿದ್ದೇನೆ. ಹಾಗೆಂದು ಬಾಳೂ ಅವರನ್ನು ಯಾರದೋ ಕೈಗೊಂಬೆಯೆಂದು ಕರೆಯಲು ಒಪ್ಪಲಾರೆ. ಇಬ್ಬರೂ ತಮ್ಮ ತಮ್ಮ ಅನುಭವದಿಂದ ಮಾತಾಡಿದರು. ಕೊಲಂಬಿಯಾ ವಿಶ್ವವಿದ್ಯಾಲಯದ ಪದವಿ ಹೊತ್ತು ಬರೋಡೆಯಲ್ಲಿ ಉಳಿಯಲು ಒಂದು ಕೋಣೆ ಸಿಗದೆ ಹೊರದೂಡಿಸಿಕೊಂಡವರು ಅಂಬೇಡಕರರು. ಯೋಗ್ಯತೆ ಎಷ್ಟಿದ್ದರೂ ಬಾಗಿಲು ತಾನಾಗಿ ತೆರೆಯದೆಂದು ಅವರಿಗೆ ತಿಳಿದದ್ದು ಹಾಗೆ. ಬಾಳೂ ಕಂಡದ್ದು ಬೇರೆ: ಕುಡಿಕೆಯಿಂದ ಬಟ್ಟಲಿಗೆ, ಹೊರಗಿನ ಅಂಗಳದಿಂದ ಒಳಗಿನ ಮೇಜಿಗೆ, ತನಗೆ ಸಿಗದ ನಾಯಕತ್ವ ತಮ್ಮನಿಗೆ ಸಿಕ್ಕುವವರೆಗೆ, ಮೂವತ್ತು ವರ್ಷಗಳಲ್ಲಿ ಇಂಚಿಂಚಾಗಿ ಸರಿದ ಒಂದು ಗೋಡೆ. ಆ ಗೋಡೆ ಇನ್ನೂ ಸರಿದೀತೆಂದು ನಂಬಲು ಅವರಿಗೆ ಕಾರಣವಿತ್ತು. ಅದು ಸರಿಯಲು ಒಬ್ಬ ಮನುಷ್ಯ 179 ವಿಕೆಟ್ ಪಡೆಯಬೇಕಾಯಿತೆಂಬುದನ್ನು, ಹಾಗೆ ಪಡೆಯಲಾಗದ ಲಕ್ಷಾಂತರ ಜನ ಏನು ಮಾಡಬೇಕೆಂಬುದನ್ನು ಅಂಬೇಡಕರರು ಕೇಳುತ್ತಿದ್ದರು.

1937ರ ಅನಂತರ ಬಾಳೂ ಸಾರ್ವಜನಿಕ ಜೀವನದಿಂದ ಬಹುಮಟ್ಟಿಗೆ ಹಿಂದೆ ಸರಿದರು. ದೇಶ ಸ್ವತಂತ್ರವಾದದ್ದನ್ನು ಕಂಡರು. ಅಸ್ಪೃಶ್ಯತೆಯನ್ನು ನಿಷೇಧಿಸಿದ ಸಂವಿಧಾನವನ್ನು, ಅದರ ಕರಡು ಸಮಿತಿಯ ಅಧ್ಯಕ್ಷತೆಯಲ್ಲಿ ತಮ್ಮ ಹಳೆಯ ಎದುರಾಳಿಯನ್ನು ಕಂಡರು. 1955ರ ಜುಲೈ 4ರಂದು ಮುಂಬಯಿಯಲ್ಲಿ ತೀರಿಕೊಂಡರು. ಮರುವರ್ಷದ ಅಕ್ಟೋಬರಿನಲ್ಲಿ ನಾಗಪುರದಲ್ಲಿ ಅಂಬೇಡಕರರು ಬೌದ್ಧ ದೀಕ್ಷೆ ಪಡೆದರು, ಡಿಸೆಂಬರಿನಲ್ಲಿ ಅವರೂ ಹೋದರು. ಅದೇ ವರ್ಷದ ನವೆಂಬರಿನಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಬಾಳೂ ಹುಟ್ಟಿದ ಧಾರವಾಡ ಮೈಸೂರು ರಾಜ್ಯಕ್ಕೆ ಸೇರಿತು. ಅವರು ಆಡಿದ ಪುಣೆ, ಮುಂಬಯಿ, ಜೊತೆಗೆ ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಈಚೆಗೆ ಉಳಿದವು.